ಖಂಡಪ್ಪ ಕುಡಿದ ಕಾಲುವೆ ನೀರು

ಮುಂಜಾನೆ ಜೀಪಿನಿಂದ ಇಳಿದ ಕಾಲುವೆ ಆಫೀಸಿನ ಸಾಹೇಬ ಕೈಯಲ್ಲಿದ್ದ ನಕಾಶೆ ನೋಡಿದ. ಖಂಡಪ್ಪನ ಹೊಲದ ಬದಿಗೆ ಜಾಲಿಮುಳ್ಳು ತುಂಬಿಕೊಂಡು ಬಿದ್ದಿದ್ದ ತಗ್ಗು ನೋಡಿದ. ಮತ್ತೆ ನಕಾಶೆ ನೋಡಿ, "ಇದು ಕಾಲುವಿ ಅಲ್ರಿ, ಹಳ್ಳದ ಕೊರಕಲು" ಅಂದುಬಿಟ್ಟ.

ಖಂಡಪ್ಪನಿಗೆ ವಯಸ್ಸು ಅರವತ್ತು ದಾಟಿದ್ದರೂ ಸಿಟ್ಟಿಗೆ ಇನ್ನೂ ಇಪ್ಪತ್ತೇ.

"ಕೊರಕಲಂತ ಕೊರಕಲು! ಸರ್ಕಾರದವರು ತೋಡಿದ ಕಾಲುವಿ ಇದು. ನಾನೇ ಮಣ್ಣಿನ ಬುಟ್ಟಿ ಹೊತ್ತೀನಿ."

"ನಕಾಶದಾಗ ಇಲ್ಲ."

"ನಕಾಶದಾಗ ಇಲ್ಲಂದ್ರೇನಾತು, ನೆಲದಾಗ ಅದ ಅಲ್ರಿ! ಕಣ್ಣು ಎದಕ್ಕ ಅವ ನಿಮಗ?"

ಸಾಹೇಬ ತಾಳ್ಮೆಯವನು. "ನೋಡ್ರಿ ಯಜಮಾನ್ರ, ತೋಡಿದ ಮ್ಯಾಲೂ ನೀರು ಮುಟ್ಟದ ಕಾಲುವಿ ಏನವ, ಅವನ್ನಷ್ಟ ಈ ಸಲ ರಿಪೇರಿ ಮಾಡಿ ನೀರು ಬಿಡ್ತೀವಿ. ಇದು ಕಾಲುವಿ ಅನ್ನಾಕ ಪುರಾವೆ ಇದ್ರ ತೋರಸ್ರಿ. ಕಕ್ಕೇರಾಕ್ಕ ಹೋಗಿ ಸಂಜಿಮುಂದ ಇದೇ ದಾರಿಲೇ ಬರ್ತೀನಿ. ಇವತ್ತು ತಪ್ಪಿದ್ರ ಮುಗೀತು."

ಮುಗಿಯುವುದೆಂದರೆ ಏನೆಂದು ಖಂಡಪ್ಪನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಮೇಲಿನ ಊರುಗಳವರು ವರ್ಷಕ್ಕೆ ಎರಡು ಸಲ ಭತ್ತ ಬೆಳೆದು ಮೊಣಕಾಲಿನ ಕೆಸರು ತೊಳೆಯುವಾಗ, ಕಾಲುವೆಯ ಕಟ್ಟಕಡೆಗಿದ್ದ ಮಲ್ಕನದೊಡ್ಡಿಯವರು ತೊಗರಿ ಬಿತ್ತಿ ಮುಗಿಲು ನೋಡುತ್ತಿದ್ದರು. ಇವತ್ತು ಬಿಟ್ಟರೆ ಮೊಮ್ಮಕ್ಕಳೂ ಮುಗಿಲೇ ನೋಡಬೇಕು.

"ಪುರಾವೆ ಬೇಕೇನ್ರಿ? ಸರ್ಕಾರದವರು ಇದೇ ಕಾಲುವಿಯಾಗ ಸಿನಿಮಾ ತೆಗೆದಾರ! ಅದರಾಗ ನಾ ಅದೀನಿ!"

ಪಕ್ಕದ ಬದುವಿನಲ್ಲಿ ಕುರಿ ಮೇಯಿಸುತ್ತಿದ್ದ ಮಲ್ಕಪ್ಪ ಕೋಲೂರಿ ನಕ್ಕ. "ಶುರುವಾತು ನೋಡಪಾ. ಈ ಕತಿ ಕೇಳಿ ಕೇಳಿ ನನ್ನ ಕುರಿಗೋಳಿಗೂ ಬಾಯಿಪಾಠ ಆಗ್ಯಾದ."

ಸುಳ್ಳಲ್ಲ. ಕಾಲುವೆ ತೋಡಿದ ಹೊಸದರಲ್ಲಿ ಯಾರೋ ಕ್ಯಾಮೆರಾದವರು ಬಂದರು, ತಾನು ಬೊಗಸೆಯಲ್ಲಿ ನೀರು ಕುಡಿದೆ, ಅದನ್ನು ಸಿನಿಮಾ ತೆಗೆದರು ಎಂದು ಖಂಡಪ್ಪ ಮದುವೆಯ ಹಂದರದಲ್ಲಿ, ತಿಥಿಯ ಪಂಕ್ತಿಯಲ್ಲಿ, ಕೆಂಭಾವಿ ಸಂತೆಯ ಮೆಣಸಿನಕಾಯಿ ರಾಶಿಯ ಮುಂದೆ ಹೇಳುತ್ತಲೇ ಬಂದಿದ್ದ. ಆ ಸಿನಿಮಾ ನೋಡಿದವನು ಒಬ್ಬನೂ ಇರಲಿಲ್ಲ. ಅವನೂ ನೋಡಿರಲಿಲ್ಲ.

ಜೀಪು ಹೋದ ಮೇಲೆ ಖಂಡಪ್ಪ ನೆಟ್ಟಗೆ ಭಗವಂತರಾಯ ಮಾಸ್ತರರ ಮನೆಗೆ ನುಗ್ಗಿದ. ಮಾಸ್ತರರು ಅರ್ಧ ಗಡ್ಡ ಹೆರೆದುಕೊಂಡಿದ್ದರು.

"ಕಾಕಾ, ಗಾಬರಿ ಆಗಬ್ಯಾಡ್ರಿ," ಎಂದರು ಮಾಸ್ತರರು ಅವನ ಮಾತೆಲ್ಲ ಕೇಳಿ, ತಾವೇ ಗಾಬರಿಯಾಗಿ. "ದೇಶದ ಹಳೇ ಸಿನಿಮಾ, ಹಳೇ ಟಿವಿ ಕಾರ್ಯಕ್ರಮ ಎಲ್ಲಾ ದಿಲ್ಲಿ ಸರ್ಕಾರದವರು ಆನ್‌ಲೈನ್ ಭಂಡಾರದಾಗ ಇಟ್ಟಾರ. ಪುಕ್ಕಟ ನೋಡಬಹುದು."

"ಪುಕ್ಕಟ ಹೆಂಗಾತು? ನಾವು ಬೆಂಕಿಪೆಟ್ಟಿಗಿ ಕೊಂಡ್ರೂ ತೆರಿಗಿ ಹಿಡೀತಾರ. ನಮ್ಮ ರೊಕ್ಕದಾಗ ಇಟ್ಟಾರ. ನಡೀರಿ, ನಮ್ಮ ಸಾಮಾನು ನಾವು ನೋಡೋಣು."

ಮಲ್ಕನದೊಡ್ಡಿಯಲ್ಲಿ ನೆಟ್‌ವರ್ಕ್ ಸಿಗುವುದು ನೀರಿನ ಟಾಕಿಯ ಮೇಲೆ ಮಾತ್ರ. ಟಾಕಿಯೊಳಗೆ ನೀರಿಲ್ಲದ ದಿನವೂ ಟಾಕಿಯ ಮೇಲೆ ನೆಟ್‌ವರ್ಕ್ ಇರುತ್ತದೆ. ಅರ್ಧ ಗಡ್ಡದ ಮಾಸ್ತರರು ಮುಂದೆ, ಖಂಡಪ್ಪ ಹಿಂದೆ, ತಮಾಷೆ ನೋಡಲು ಮಲ್ಕಪ್ಪ ಅವನ ಹಿಂದೆ ಹತ್ತಿದರು. ನಡುವೆ ಖಂಡಪ್ಪನ ಧೋತರದ ಚುಂಗು ಕಬ್ಬಿಣದ ಏಣಿಗೆ ಸಿಕ್ಕಿಕೊಂಡಿತು.

"ಮ್ಯಾಲ ನೋಡಬ್ಯಾಡಲೇ ಮಲ್ಕ್ಯಾ!"

"ನೋಡಲಾರದ ಹೆಂಗ ಹತ್ತಲಿ? ಸಿನಿಮಾ ಇಲ್ಲೇ ಶುರು ಆಗ್ಯಾದಲ್ಲ!"

ಧೋತರ ಹರಿಯಿತು. ಖಂಡಪ್ಪ ಹರಿದದ್ದನ್ನೇ ಸುತ್ತಿಕೊಂಡು ಮೇಲೆ ಕೂತ.

ಮಾಸ್ತರರು ಮೊದಲು 'ಖಂಡಪ್ಪ' ಎಂದೇ ಹುಡುಕಿದರು. ಏನೂ ಬರಲಿಲ್ಲ. "ನನ್ನ ಮಾರಿ ತಗೊಂಡು ಹೆಸರು ಬಿಟ್ಟಾರ ಕಳ್ಳರು!" ಎಂದು ಖಂಡಪ್ಪ ಕೂಗಿದ. ಆಮೇಲೆ ಕಾಲುವೆ ಎಂದು ಹುಡುಕಿದರು. ದೇಶದ ಕಾಲುವೆಗಳೆಲ್ಲ ಒಂದರ ಹಿಂದೊಂದು ಹರಿದು ಬಂದವು. ಪ್ರತಿಯೊಂದರಲ್ಲೂ ಒಬ್ಬ ರೈತ ಮೊಣಕಾಲೂರಿ, ಬೊಗಸೆಯಲ್ಲಿ ನೀರು ಕುಡಿದು, ಹಲ್ಲು ಕಿಸಿಯುತ್ತಿದ್ದ.

"ಇಂವ ನೀನೇನು?" ಮಲ್ಕಪ್ಪ ಕೇಳಿದ.

"ಅಂವಗ ಗಡ್ಡ ಅದ. ನನಗೆಲ್ಲಿತ್ತು ಗಡ್ಡ?"

"ಇಂವ?"

"ಒಂಟಿ ನಿಂತಾದ ಹಿಂದ, ಕಾಣವಲ್ದೇನು? ನಮ್ಮೂರಾಗ ಒಂಟಿ ಎಲ್ಲಿ ಅದ?"

"ನೀ ಒಬ್ಬಾಂವ ಇದ್ದಿ ಅಂತ ಒಂಟಿ ತರೋದು ಬಿಟ್ಟಿದ್ದರು ಕಾಣ್ತದ" ಎಂದು ಮಲ್ಕಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ.

ಕೆಳಗೆ ಅರ್ಧ ಊರು ಸೇರಿತು. ಕೊಡ ಹಿಡಿದು ಬಂದವರು ಕೊಡ ಮರೆತರು. ಮಾಸ್ತರರ ಶಾಲೆ ತನ್ನಷ್ಟಕ್ಕೆ ತಾನೇ ಬಿಟ್ಟಿತು. ಹೊತ್ತು ವಾಲಿತು. ಫೋನಿನಲ್ಲಿ ಚಕ್ರ ಒಂದೇ ಸಮನೆ ಗಾಣದೆತ್ತಿನ ಹಾಗೆ ಸುತ್ತುತ್ತಿತ್ತು. ಖಂಡಪ್ಪ ಅದಕ್ಕೂ ಬಯ್ಯುತ್ತಿದ್ದ.

ಆಗ ಒಂದು ಕಪ್ಪು-ಬಿಳುಪು ಚಿತ್ರ ತೆರೆಯಿತು. ಜಾಲಿಗಿಡ, ಗುಡ್ಡ, ಹೊಸ ಮಣ್ಣಿನ ಕಾಲುವೆ. ಒಬ್ಬ ಕಡ್ಡಿಯಂಥ ಹುಡುಗ, ಅವನ ಮೂತಿಯ ಮೇಲೆ ಅವನಿಗಿಂತ ದಪ್ಪನೆಯ ಮೀಸೆ. ಬೊಗಸೆ ಎತ್ತಿದ. ನೆಟ್‌ವರ್ಕ್ ಹೋಯಿತು. ಹುಡುಗ ಬೊಗಸೆ ಹಿಡಿದು ಅಲ್ಲೇ ನಿಂತ.

ಮಲ್ಕಪ್ಪ ಫೋನು ನೋಡಿದ, ಖಂಡಪ್ಪನನ್ನು ನೋಡಿದ. "ನಮ್ಮಪ್ಪನಾಣಿ, ನೀನೇ ಅದಿ!"

ಟಾಕಿಯ ಕೆಳಗೆ ಸಿಳ್ಳೆ ಬಿದ್ದವು. ಕಾಲುವೆ ಬಂದ ದಿನವೂ ಆ ಊರು ಅಷ್ಟು ಕುಣಿದಿರಲಿಕ್ಕಿಲ್ಲ. ಖಂಡಪ್ಪ ಹರಿದ ಧೋತರದಲ್ಲೇ ರಾಜನ ಹಾಗೆ ಇಳಿದ.

ಸಂಜೆ ಜೀಪು ಬಂತು. ಜನ ಅದನ್ನು ಖಂಡಪ್ಪನ ಹೊಲದ ಬದಿಗೇ ಅಡ್ಡಗಟ್ಟಿದರು.

"ತಗೀರಿ ನಿಮ್ಮ ಫೋನು! ಸರ್ಕಾರದ್ದೇ ಭಂಡಾರ, ಸರ್ಕಾರದ್ದೇ ಸಿನಿಮಾ. ಅದರಾಗ ಇದ್ದದ್ದು ಸುಳ್ಳು ಅಂತ ಹೆಂಗ ಅಂತೀರಿ ನೋಡೇಬಿಡ್ತೀನಿ!" ಖಂಡಪ್ಪ ಗುಡುಗಿದ.

ಸಾಹೇಬನ ಫೋನು ಒಳ್ಳೆಯದು, ಟಾಕಿ ಹತ್ತದೆಯೂ ಅದಕ್ಕೆ ನೆಟ್‌ವರ್ಕ್ ಸಿಕ್ಕಿತು. ಚಿತ್ರ ಎಲ್ಲೂ ನಿಲ್ಲದೆ ಓಡಿತು. ಮೀಸೆಯ ಹುಡುಗ ಗಟಗಟ ನೀರು ಕುಡಿದ, ಮೀಸೆ ಒರೆಸಿಕೊಂಡು ನಕ್ಕ. ಗಂಭೀರ ದನಿಯೊಂದು ಹೇಳಿತು: 'ಹೀಗೆ ಕಾಲುವೆಯ ನೀರು ಕಟ್ಟಕಡೆಯ ಹೊಲವನ್ನೂ ಮುಟ್ಟಿತು. ರೈತನ ಬಾಯಾರಿಕೆ ಇನ್ನಿಲ್ಲ.'

ಸಾಹೇಬ ಜೀಪಿನಿಂದ ಇಳಿದು ಖಂಡಪ್ಪನ ಕೈ ಹಿಡಿದ. "ತಪ್ಪಾತ್ರಿ ಯಜಮಾನ್ರ. ಇದು ಕಾಲುವೀನೇ. ಒಪ್ಪಿದೆ."

ಮತ್ತೆ ಸಿಳ್ಳೆ.

"ನೀರೂ ಮುಟ್ಟ್ಯಾದ. ನಾವು ನೀರು ಮುಟ್ಟದ್ದಕ್ಕಷ್ಟ ರಿಪೇರಿ ಮಾಡೋದು. ನಿಮ್ಮದು ಬರಂಗಿಲ್ಲ."

ಸಿಳ್ಳೆ ಹೊಡೆಯುತ್ತಿದ್ದವರ ಬೆರಳು ಬಾಯಲ್ಲೇ ಉಳಿದವು.

ಹುಲ್ಲಿನ ಹೊರೆ ಇಳಿಸಿ, ಜನರ ಸಂದಿಯಿಂದ ಫೋನು ಇಣುಕಿ ನೋಡುತ್ತಿದ್ದ ಖಂಡಪ್ಪನ ಹೆಂಡತಿ ಮಾನಮ್ಮ ಚೀರಿದಳು. "ಅಯ್ಯ, ಅದು ಕಾಲುವಿ ನೀರು ಎಲ್ಲೀದು? ಅದು ನಾ ಹೊತ್ತ ನೀರು! ಮಣ್ಣಿನ ಒಡ್ಡು ಹಾಕಿಸಿ, ನಮ್ಮ ಕಡೀಲಿಂದ ಬಾವಿ ನೀರು ಹೊರಿಸಿ ತುಂಬಿಸಿ, ಕ್ಯಾಮೆರಾದಾಂವ ಹೂಂ ಅಂದ ಮ್ಯಾಲ ಒಡ್ಡು ಒಡದ್ರು. ಹೊಸದಾಗಿ ಗಂಡನ ಮನಿಗೆ ನಡೀಲಿಕ್ಕೆ ಬಂದ ಸೊಸಿ ನಾನು, ಕೊಡ ಹೊತ್ತು ನನ್ನ ನಡ ಬಿದ್ದಿತ್ತು. ಇಂವ ಆರಾಮ ಕುಂತು ಕುಡದ!"

"ಸಿನಿಮಾದಾಗ ನೀವು ಎಲ್ಲಿ ಅದೀರಿ ತಾಯಿ? ಕೊಡ ಎಲ್ಲಿ ಅವ?" ಎಂದ ಸಾಹೇಬ.

"ನಮ್ಮನ್ನ ಗಿಡದ ಹಿಂದ ಸರಿಸಿದ್ರು!"

ಖಂಡಪ್ಪನ ಬಾಯಿ ಈಗ ತೆರೆಯಿತು. ತನ್ನ ಮೀಸೆ ಕಂಡ ಸಂಭ್ರಮದಲ್ಲಿ ಅವನಿಗೆ ಆ ಒಡ್ಡಿನ ನೆನಪೇ ಹಾರಿಹೋಗಿತ್ತು. "ಖರೇ ಅದರಿ ಸಾಹೇಬ್ರ! ಅದು ಸುಳ್ಳು ಸಿನಿಮಾ!"

"ಈಗಿನ್ನೂ ಸುಳ್ಳು ಹೆಂಗ ಅಂತೀರಿ ಅಂದವರು ನೀವೇ ಅಲ್ರಿ? ಇರಲಿ. ಸುಳ್ಳು ಅಂತ ದಿಲ್ಲಿಗೆ ಬರೀರಿ. ಅವರು ಭಂಡಾರದಿಂದ ತೆಗೆದುಹಾಕಿದ್ರ, ನಾನೂ ಇದನ್ನ ಮತ್ತ ಕೊರಕಲು ಅಂತ ಬರಕೋತೀನಿ."

ಖಂಡಪ್ಪನಿಗೆ ನೆತ್ತಿಗೇರಿತು. ಜಾಲಿಮುಳ್ಳು ಲೆಕ್ಕಿಸದೆ ಒಣ ಕಾಲುವೆಗೆ ಹಾರಿ, ಅಂಗಾತ ಮಲಗಿಬಿಟ್ಟ.

"ನೀರು ಅದ ಅಲ್ರಿ? ಹಂಗಾರ ನಾ ಮುಳುಗೀನಿ! ಖಂಡಪ್ಪ ಕಾಲುವ್ಯಾಗ ಮುಳುಗಿ ಸತ್ತ ಅಂತ ಬರಕೋರಿ! ನೀರು ಬರೋತನ ಏಳಂಗಿಲ್ಲ, ಪೊಲೀಸರನ್ನ ಕರೀರಿ, ಯಾರನ್ನರ ಕರೀರಿ!"

"ಏಳಬ್ಯಾಡ್ರಿ, ಹಂಗೇ ಇರ್ರಿ" ಎಂದು ಸಾಹೇಬ ಫೋನು ಎತ್ತಿದ. "ಪರಿಶೀಲನಾ ವರದಿಗೆ ರೈತರು ಕಾಲುವ್ಯಾಗ ಇರೋ ಫೋಟೋ ಒಂದು ಬೇಕಿತ್ತು. ಸ್ವಲ್ಪ ಇತ್ಲಾಗ ನೋಡ್ರಿ."

ಫೋನು ಕ್ಲಿಕ್ ಅಂದಿತು. ಸಾಹೇಬ ಅದರ ಕೆಳಗೆ 'ಫಲಾನುಭವಿ ಸಂತೃಪ್ತರಾಗಿದ್ದಾರೆ' ಎಂದು ಒತ್ತಿ ಕಳಿಸಿ, ಜೀಪು ಹತ್ತಿದ.

"ಸಂತೃಪ್ತ ಅಂತ! ಉರಿಯಾಕತ್ತೀನಿ ನಾನು!" ಖಂಡಪ್ಪ ಕಿರುಚಿದ.

ದಂಡೆಯ ಮೇಲಿಂದ ಮಾನಮ್ಮ ಸೊಂಟಕ್ಕೆ ಕೈಯಿಟ್ಟು ಅಂದಳು. "ಫೋನು ಎತ್ತಿದ ಕೂಡ್ಲೇ ಮೀಸಿ ತಿರುವಿದ್ಯಲ್ಲೋ ಮೂಳಾ!"

ಖಂಡಪ್ಪ ಕೈ ನೋಡಿಕೊಂಡ. ಅದು ಇನ್ನೂ ಮೀಸೆಯ ಮೇಲೇ ಇತ್ತು. ಮುಳ್ಳು ಕಿತ್ತುಕೊಳ್ಳುವುದಕ್ಕೂ ನಿಲ್ಲದೆ ಎದ್ದು, ಹರಿದ ಧೋತರ ಎತ್ತಿಹಿಡಿದು ಜೀಪಿನ ಧೂಳಿನ ಹಿಂದೆ ಓಡಿದ.

"ನಿಲ್ರಿ ಸಾಹೇಬ್ರ! ಇನ್ನೊಂದು ತಗೀರಿ! ಸಿಟ್ಟಿಂದು ತಗೀರಿ!"