ಬೀಗರಿಗೆ ಬಾದಾಮಿ ತೋರಿಸಿದ್ದು

ಗಡಿಯಾಚೆ ಬೀಗತನ ಮಾಡಿದವರಿಗೆ ನಗಲು ಬೇರೆ ಕಾರಣ ಬೇಕಿಲ್ಲ. ಎರಡೂ ಮನೆಯವರನ್ನು ಒಂದು ಗಾಡಿಯಲ್ಲಿ ಕೂಡಿಸಿದರೆ ಸಾಕು.

ಚಿಕ್ಕೋಡಿಯವರಾದ ನಾವು ಮಗಳನ್ನು ಕೊಲ್ಹಾಪುರದ ಕಡೆ ಕೊಟ್ಟಿದ್ದೇವೆ. ಬೀಗರು ಒಳ್ಳೆಯವರೇ. ಆದರೆ ನಮ್ಮ ಕಡೆಯ ಯಾವ ಗುಡಿಯ ಹೆಸರೆತ್ತಿದರೂ, "ನಮ್ಮ ವೇರೂಳ ನೋಡೀರೇನ್ರಿ?" ಎನ್ನುತ್ತಿದ್ದರು. ಎಲ್ಲೋರಕ್ಕೆ ಅವರ ಕಡೆ ಹಾಗನ್ನುತ್ತಾರೆ. ಕೇಳಿ ಕೇಳಿ ಸಾಕಾಗಿ, ಒಂದು ಭಾನುವಾರ ಬಾಡಿಗೆ ಕ್ರೂಸರ್ ಮಾಡಿ ಬೀಗರನ್ನೂ ಬೀಗತಿಯನ್ನೂ ಬಾದಾಮಿಗೆ ಕರೆದೊಯ್ದೆವು. ಅಂದು ನಾಡಿನ ಮಾನವೆಲ್ಲ ನನ್ನ ಕೈಯಲ್ಲೇ ಇದ್ದಂತಿತ್ತು.

ಟೊಪ್ಪಿಗೆ

ಮೆಟ್ಟಿಲು ಹತ್ತುವಾಗಲೇ ಒಂದು ಮಂಗ ಬೀಗರ ಬಿಳಿ ಟೊಪ್ಪಿಗೆ ಕಸಿದುಕೊಂಡು ಬಂಡೆಯ ಮೇಲೆ ಕೂತಿತು. ಬೀಗರು ಕೋಲು ಎತ್ತಿ, "ಏ ಮಾಕಡಾ, ಟೋಪೀ ದೇ!" ಎಂದು ಮರಾಠಿಯಲ್ಲಿ ಗದರಿದರು. ಮಂಗ ಕದಲಲಿಲ್ಲ.

"ಅಣ್ಣಾರ, ಅದು ಬಾದಾಮಿ ಮಂಗ್ಯಾ. ಕನ್ನಡದಾಗ ಕೇಳಿ ನೋಡ್ರಿ," ಎಂದಳು ನನ್ನ ಹೆಂಡತಿ.

ಬೀಗರು ಕೈಮುಗಿದರು. "ಕೊಡ್ರಿ ಸಾಹೇಬ್ರ..."

ಟೊಪ್ಪಿಗೆ ತಟ್ಟನೆ ಕೆಳಗೆ ಬಿತ್ತು. ಅವರ ಬೆನ್ನ ಹಿಂದೆ ನಿಂತು ನಾನು ಬಾಳೆಹಣ್ಣು ತೋರಿಸಿದ್ದು ಬೀಗರಿಗೆ ಇಂದಿಗೂ ಗೊತ್ತಿಲ್ಲ.

ವೇರೂಳ ಯಾರದು?

ಗವಿಯೊಳಗೆ ಬೀಗರು ಕಂಬ ತಟ್ಟಿ ಕೇಳಿದರು, "ಇಷ್ಟ್ ಕಲ್ಲು ಎಲ್ಲಿಂದ ತರಿಸಿದ್ರು?"

"ತರಿಸಿಲ್ರಿ. ಇದ್ದ ಗುಡ್ಡಾನ ಕೊರದು ಗುಡಿ ಮಾಡ್ಯಾರ, ನಮ್ಮ ಚಾಲುಕ್ಯರು!"

ಅವರು ಕತ್ತೆತ್ತಿ ಛಾವಣಿಯನ್ನು ಬಹಳ ಹೊತ್ತು ನೋಡಿದರು. ನನಗೆ ಒಳಗೊಳಗೇ ಹಿಗ್ಗು. ಅಷ್ಟರಲ್ಲಿ, "ಚಲೋ ಐತಿ. ಆದ್ರ ನಮ್ಮ ವೇರೂಳದ ಕೈಲಾಸ..." ಎಂದರು.

ನಾನು ಇದಕ್ಕೇ ಕಾದಿದ್ದೆ. "ಅದನ್ನ ಕಡಿಸಿದವರು ರಾಷ್ಟ್ರಕೂಟರ್ರಿ. ಅವರೂ ನಮ್ಮ ಕನ್ನಡದವರ!"

ಬೀಗರು ಕ್ಷಣ ಯೋಚಿಸಿ ನನ್ನನ್ನು ಅಪ್ಪಿಕೊಂಡರು. "ಹಂಗಾದ್ರ ನಮ್ಮದು ಭಾಳ ಹಳೇ ಬೀಗತನ ಆತಲ್ರಿ! ನೀವು ಕಡದೀರಿ, ನಾವು ಕಾಯ್ದೀವಿ."

ಗೆದ್ದೆನೋ ಸೋತೆನೋ, ನನಗಿನ್ನೂ ತಿಳಿದಿಲ್ಲ.

ಹದಿನೆಂಟು ಕೈ

ಇಳಿಯುವಾಗ ಮೊದಲನೇ ಗವಿಯ ನಟರಾಜನ ಮುಂದೆ ನಿಂತೆವು. ಈಗ ಬೀಗರೂ ನನ್ನ ಪಕ್ಷ. ಇಬ್ಬರೂ ಎದೆಯುಬ್ಬಿಸಿ ಹೆಂಗಸರಿಗೆ ವಿವರಿಸಿದೆವು: "ಹದಿನೆಂಟು ಕೈ! ಎಣಿಸಿ ನೋಡ್ರಿ!"

ಬೀಗತಿ ನಿಧಾನಕ್ಕೆ ಎಣಿಸಿದರು. ಆಮೇಲೆ ನನ್ನ ಹೆಂಡತಿಗೆ, "ಅಕ್ಕಾರ, ಇಷ್ಟು ಕೈ ಅದಾವ, ಒಂದರಾಗರ ಕಸಬರಿಗಿ ಐತೇನ್ರಿ? ಎಲ್ಲಾ ಬಿಟ್ಟು ಕುಣ್ಯಾಕತ್ತಾನ! ಪಾರ್ವತಿ ಹೆಂಗ ಸಂಸಾರ ಮಾಡಿದಳೋ!" ಎಂದರು.

ನನ್ನ ಹೆಂಡತಿ ನಿಟ್ಟುಸಿರು ಬಿಟ್ಟಳು. "ನಮ್ಮವರಿಗೆ ದೇವರು ಎರಡ ಕೈ ಕೊಟ್ಟಿದ್ದು ಪುಣ್ಯೇರಿ. ಊಟ ಆದಮ್ಯಾಲ ಆ ಎರಡು ಕೈಗೆ ನೀರು ಹಾಕೂದರಾಗ ಸಾಕಾಗೈತಿ. ಹದಿನೆಂಟಿದ್ರ ಟ್ಯಾಂಕರ್ ತರಸಬೇಕಿತ್ತು!"

ಬೀಗರೂ ನಾನೂ ಒಟ್ಟಿಗೇ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆವು.