ನಾಲ್ಕು ಗಂಟೆಯ ಗುಂಡಿ

ಗಾಜಿನಂಗಡಿಯವನ ಫಜೀತಿಗೆಲ್ಲ ಮೂಲ ಅವನೇ ಬರೆದ ಒಂದು ಕಾಗದ. ಬೀದಿಯ ತಿರುವಿನ ಗುಂಡಿಯ ಬಗ್ಗೆ ಅವನು ಶಾಸಕಿಗೆ ಬರೆದಿದ್ದ. ಆ ಗುಂಡಿ ಎರಡು ವರ್ಷದಲ್ಲಿ ಅವನ ಹದಿನೇಳು ಗಾಜು ನುಂಗಿತ್ತು. ಅದನ್ನು ಹೇಗೋ ಸಹಿಸಿಕೊಂಡಿದ್ದ. ಈಗ ಹೆಂಡತಿಗೆ ದಿನ ತುಂಬಿತ್ತು, ಆಸ್ಪತ್ರೆಗೆ ಇದ್ದದ್ದು ಅದೊಂದೇ ದಾರಿ. ಹೋದ ತಿಂಗಳು ಟ್ಯಾಕ್ಸಿ ಅಲ್ಲಿ ಎಗರಿದಾಗ ಅವನ ಕೈ ಹಿಡಿದವಳು ಆಸ್ಪತ್ರೆ ತಲುಪುವವರೆಗೂ ಬಿಟ್ಟಿರಲಿಲ್ಲ. ಅವನಿಗೆ ನಿಜಕ್ಕೂ ಭಯವಾಗಿತ್ತು.

ಬೆಳಿಗ್ಗೆ ಶಾಸಕಿಯ ಸಹಾಯಕ ಫೋನ್ ಮಾಡಿದ. "ಅಪಾಯದ ರಸ್ತೆ ಕಂಡ್ರೆ ಜನ ಫೋನ್ ಮಾಡೋಕೆ ಒಂದು ನಂಬರ್ ಇರ್ಬೇಕು ಅಂತ ಮೇಡಂ ನಾಳೆ ವಿಧಾನಸಭೆಯಲ್ಲಿ ಮಸೂದೆ ತರ್ತಾರೆ. ಪ್ರಯೋಗಕ್ಕೆ ಇವತ್ತಿಂದ್ಲೇ ನಿಮ್ಮ ಬಡಾವಣೆಗೆ ನಂಬರ್ ಶುರು. ನಾಲ್ಕು ಗಂಟೆಗೆ ಬಂದು ನಿಮ್ಮ ಗುಂಡಿ ಫೋಟೋ ತೆಗೀತೀವಿ. ಸಭೆಯಲ್ಲಿ ತೋರಿಸೋ ಹಾಗಿದೆ ತಾನೆ?"

"ಸೊಗಸಾದ ಗುಂಡಿ ಸಾರ್."

"ಹಾಗಾದ್ರೆ ನಾಳಿದ್ದೇ ಡಾಂಬರು."

ಅವನು ಮಾಡಿದ ತಪ್ಪು ಒಂದೇ. ಸುದ್ದಿಯನ್ನು ಅತ್ತೆಯ ಕಿವಿಗೆ ಹಾಕಿ, ನಂಬರ್ ಸಹ ಬರೆದುಕೊಟ್ಟ. ಮಗಳ ಹೆರಿಗೆಗೆಂದು ಬಂದಿದ್ದ ಅತ್ತೆ ಹತ್ತೇ ದಿನದಲ್ಲಿ ಇಡೀ ಬೀದಿಯನ್ನು ಬಳಗ ಮಾಡಿಕೊಂಡಿದ್ದರು. ಅವನು ಅಂಗಡಿಯ ಬೀಗ ತೆಗೆಯುವಷ್ಟರಲ್ಲಿ ಸುದ್ದಿ ಬೀದಿಯ ಎರಡೂ ತುದಿ ಮುಟ್ಟಿತ್ತು.

ಮಧ್ಯಾಹ್ನ ಊಟಕ್ಕೆ ಬಂದರೆ ಗುಂಡಿ ಇಲ್ಲ. ಅದು ಇದ್ದ ಜಾಗದಲ್ಲಿ ಮಣ್ಣು, ಒಡೆದ ಇಟ್ಟಿಗೆ, ಅದರ ಮೇಲೊಂದು ಹೂಕುಂಡ. ಪಕ್ಕದಲ್ಲಿ ಟೈಲರ್ ಮತ್ತು ಎದುರುಮನೆಯ ಮೇಷ್ಟ್ರು ಕೈ ಒರೆಸಿಕೊಳ್ಳುತ್ತ ನಿಂತಿದ್ದರು.

"ಏನ್ರೀ ಇದು?"

"ದೊಡ್ಡವರು ಬರೋವಾಗ ಗುಂಡಿ ಇಟ್ಕೊಂಡು ಕೂರೋಕಾಗುತ್ತಾ? ಬೀದಿ ಮರ್ಯಾದೆ ಏನಾಗ್ಬೇಕು?" ಅಂದ ಟೈಲರ್.

"ಅವರು ಬರ್ತಿರೋದೇ ಗುಂಡಿ ನೋಡೋಕೆ."

"ಅದಕ್ಕೇ ಮುಚ್ಚಿದ್ದು. ಬಂದವರ ಕಣ್ಣು ನೇರವಾಗಿ ಅಲ್ಲಿಗೇ ಹೋಗುತ್ತೆ," ಅಂದರು ಮೇಷ್ಟ್ರು.

"ಎರಡು ವರ್ಷ ಯಾಕೆ ಮುಚ್ಲಿಲ್ಲ?"

"ಎರಡು ವರ್ಷ ಯಾರೂ ಬರ್ಲಿಲ್ವಲ್ಲ."

ಗಾಜಿನಂಗಡಿಯವ ಕಾಲಿನಿಂದ ಒತ್ತಿ ನೋಡಿದ. ಮಣ್ಣು ಹಿಟ್ಟಿನ ಹಾಗೆ ಕುಸಿಯಿತು. ಎರಡು ಲಾರಿ ಹೋದರೆ ಗುಂಡಿ ವಾಪಸ್, ಡಾಂಬರು ಮಾತ್ರ ವಾಪಸ್ ಬರುವುದಿಲ್ಲ. ಅವನು ಊಟ ಬಿಟ್ಟು ಗುದ್ದಲಿ ತಂದ.

ಅರ್ಧ ಅಗೆದು ನೀರು ಕುಡಿಯಲು ಹೋಗಿ ಬರುವಷ್ಟರಲ್ಲಿ ಮೇಷ್ಟ್ರು ಮತ್ತೆ ಮುಚ್ಚಿಸಿದ್ದರು, ಹೂಕುಂಡ ಎರಡಾಗಿತ್ತು. ಅವರು ಬಟ್ಟೆ ಬದಲಾಯಿಸಲು ಹೋಗುವವರೆಗೂ ಕಾದು, ಧೂಳಿಗೆ ಮುಖಕ್ಕೆ ಟವೆಲ್ ಸುತ್ತಿಕೊಂಡು, ಮೂರೂವರೆಗೆ ಅವನು ಮತ್ತೆ ಶುರು ಮಾಡಿದ. ಸಿಟ್ಟಿನಲ್ಲಿ ಅಳತೆ ತಪ್ಪಿತು. ಹಳೆಯ ಗುಂಡಿ ಮೊಣಕಾಲುದ್ದ ಇದ್ದದ್ದು, ಇದು ಸೊಂಟ ಮುಟ್ಟಿತು.

ನಾಲ್ಕಕ್ಕೆ ಸರಿಯಾಗಿ ಕಾರು ಬಂತು. ಶಾಸಕಿ ಇಳಿಯುವುದಕ್ಕೂ ಸಹಾಯಕನ ಫೋನ್ ಸದ್ದು ಮಾಡುವುದಕ್ಕೂ ಸರಿಹೋಯಿತು.

"ಮೇಡಂ, ನಮ್ಮ ನಂಬರಿಗೆ ಮೊದಲ ದೂರು ಬಂದಿದೆಯಂತೆ. ಇದೇ ತಿರುವಲ್ಲಿ ಮುಖ ಮುಚ್ಕೊಂಡವನೊಬ್ಬ ಒಳ್ಳೆ ರಸ್ತೆ ಅಗೀತಿದ್ದಾನಂತೆ."

ಎಲ್ಲರೂ ಗುಂಡಿಯೊಳಗೆ ಬಗ್ಗಿ ನೋಡಿದರು. ಗಾಜಿನಂಗಡಿಯವ ಟವೆಲ್ ಬಿಚ್ಚಿದ. "ಇಲ್ಲಿ ನಿಜವಾಗ್ಲೂ ಗುಂಡಿ ಇತ್ತು ಮೇಡಂ," ಅಂದ.

"ದೂರು ಕೊಟ್ಟವರಿಗೇ ಫೋನ್ ಮಾಡಿ, ಕೇಳೋಣ," ಅಂದರು ಶಾಸಕಿ.

ಸಹಾಯಕ ನಂಬರ್ ಒತ್ತಿದ. ಗಾಜಿನಂಗಡಿಯವನ ಮನೆಯ ಮಹಡಿಯಲ್ಲಿ, ಚಾರ್ಜಿಗಿಟ್ಟಿದ್ದ ಅವನದೇ ಫೋನ್ ಹಾಡತೊಡಗಿತು. ಅತ್ತೆ ಅದನ್ನು ಹಿಡಿದುಕೊಂಡೇ ಕಿಟಕಿಯಿಂದ ಕತ್ತು ಹೊರಹಾಕಿದರು.

"ಫೋನ್ ಮಾಡಿದ್ದು ನಾನೇ. ನನ್ನ ಮಗಳು ಆಸ್ಪತ್ರೆಗೆ ಹೋಗೋ ದಾರಿ ಅದು. ಆ ಕಳ್ಳನ್ನ ಬಿಡ್ಬೇಡಿ." ಆಮೇಲೆ ಕನ್ನಡಕ ಹಾಕಿಕೊಂಡರು. "ಅಯ್ಯೋ, ಅಳಿಯಂದ್ರಾ?"

ಶಾಸಕಿ ನಕ್ಕು ನಕ್ಕು ಕಾರಿಗೆ ಒರಗಿದರು. "ದೂರು ಬಂದ ಎರಡೇ ನಿಮಿಷಕ್ಕೆ ಆಸಾಮಿ ಸಿಕ್ಕ. ನಾಳೆ ಸಭೆಗೆ ಇನ್ನೇನು ಬೇಕು?" ಫೋಟೋ ತೆಗೆದದ್ದು ಅವನದೇ, ಗುದ್ದಲಿ ಸಮೇತ.

"ಮೇಡಂ, ಡಾಂಬರು?"

"ಗುಂಡಿ ಬಿದ್ರೆ ಸರ್ಕಾರ ಮುಚ್ಚುತ್ತೆ. ಅಗೆದ್ರೆ ಅಗೆದವರೇ ಮುಚ್ಬೇಕು. ಮಸೂದೆಯಲ್ಲೇ ಇದೆ."

ಅವನು ಮುಚ್ಚಿದ. ಟೈಲರ್ ಬುಟ್ಟಿ ಹಿಡಿದ, ಮೇಷ್ಟ್ರು ತಮ್ಮ ಕಾಂಪೌಂಡಿಗೆಂದು ಇಟ್ಟಿದ್ದ ಜಲ್ಲಿ ಕೊಟ್ಟರು. ಈ ಸಲ ಪದರ ಪದರವಾಗಿ ನೀರು ಹಾಕಿ ದಮ್ಮಸ್ಸು ಮಾಡಿದರು. ಆರು ಗಂಟೆಗೆ ಕೊನೆಯ ಏಟು ಹಾಕುವಾಗ ಹೆಂಡತಿ ಬಾಗಿಲು ಹಿಡಿದು ನಿಂತಿದ್ದಳು.

"ರೀ, ಹೊರಡೋಣ್ವಾ?"

ಟ್ಯಾಕ್ಸಿ ತಿರುವಿಗೆ ಬಂದಾಗ ಅವನು ಕಣ್ಣು ಮುಚ್ಚಿಕೊಂಡ.

"ತಿರುವು ಬಂತಾ?" ಅಂದಳು ಅವಳು.

"ಆಗ್ಲೇ ಹೋಯ್ತು," ಅಂದ. ಅವನ ಕಣ್ಣು ಒದ್ದೆಯಾಯಿತು.

ಆದರೆ ಆಸ್ಪತ್ರೆಯ ಗೇಟಿನೆದುರು ಚಕ್ರ ಧಡಾರನೆ ಇಳಿಯಿತು, ಅವಳು ಅವನ ಕೈ ಹಿಡಿದಳು.

ಹುಟ್ಟಿದ್ದು ಹೆಣ್ಣು, ಅಜ್ಜಿಯಂತೆ ಆತುರದವಳು. ಎರಡು ಗಂಟೆಯೂ ಕಾಯಿಸಲಿಲ್ಲ. ತಾಯಿ ಮಗು ಕ್ಷೇಮ ಅಂತ ನರ್ಸ್ ಹೇಳಿದ ಮೇಲೆ ಅವನಿಗೆ ಮೊದಲು ನೆನಪಾದದ್ದು ಗೇಟಿನ ಗುಂಡಿ. ಮಗಳನ್ನು ಅದರ ಮೇಲೆಯೇ ಮನೆಗೆ ಕರೆದೊಯ್ಯಬೇಕಲ್ಲ. ನಂಬರ್ ಇರುವುದಾದರೂ ಯಾತಕ್ಕೆ ಎಂದು ಉತ್ಸಾಹದಿಂದ ಒತ್ತಿದ.

"ನಮಸ್ಕಾರ. ಆಸ್ಪತ್ರೆ ಗೇಟಿನ ಮುಂದೆ ಒಂದು ದೊಡ್ಡ ಗುಂಡಿ ಇದೆ."

ಆ ಕಡೆ ಪುಟ ತಿರುವಿದ ಸದ್ದಾಯಿತು.

"ನಿಮ್ಮ ನಂಬರ್ ನಮ್ಮಲ್ಲಿದೆ ಸಾರ್. ಗುದ್ದಲಿ ಕೆಳಗಿಟ್ಟು ಅಲ್ಲೇ ನಿಂತಿರಿ, ನಮ್ಮವರು ಎರಡೇ ನಿಮಿಷದಲ್ಲಿ ಬರ್ತಾರೆ."