ಹನ್ನೆರಡನೆಯ ಬೆನ್ನು

ಸಂಕಟಕ್ಕೆ ಮೂಲವಾದದ್ದು ಅವರೆಕಾಳಿನಷ್ಟು ಗಾತ್ರದ ಒಂದು ಗುಳ್ಳೆ. ಕಾರ್ತೀಕದ ವಾರಿ ಯಾತ್ರೆಗೆಂದು, ವಿಠ್ಠಲನ ಭಜನೆಯ ದಿಂಡಿಯೊಡನೆ ಪಂಢರಪುರಕ್ಕೆ ಕಾಲ್ನಡಿಗೆಯಲ್ಲಿ ಹೊರಟ ರಾಜಾರಾಮ, ಯಾರು ಎಷ್ಟು ಹೇಳಿದರೂ ಕೇಳದೆ, ನಿಪ್ಪಾಣಿಯಲ್ಲಿ ಕೊಂಡ ಹೊಸ ಕೊಲ್ಹಾಪುರಿ ಚಪ್ಪಲಿಯನ್ನೇ ಮೆಟ್ಟಿದ್ದ. ಮಿರಜ ಮುಟ್ಟುವಷ್ಟರಲ್ಲಿ ಅವನ ಹಿಮ್ಮಡಿಗಳೆರಡೂ ಸುಟ್ಟ ಬದನೆಕಾಯಿಯಂತಾಗಿದ್ದವು. "ನೀವು ಮುಂದ ನಡೀರಿ, ನಾ ಹಿಂದಿನ ದಿಂಡಿ ಕೂಡ ಬರ್ತೀನಿ" ಎಂದ. ದಿಂಡಿ ತಾಳ ಬಾರಿಸುತ್ತ ಮುಂದೆ ಸಾಗಿತು. ಹಿಂದುಳಿದವನ ಎದುರಿಗೆ, ಕಲಿಯೇ ಕಳಿಸಿದಂತೆ, ಅವನೂರ ಕಡೆಯ ರಾಯಬಾಗದ ಬಸ್ಸು ಬಂದು ನಿಂತಿತು. ಹತ್ತಿಬಿಟ್ಟ.

ಆದರೆ ಮನೆಗೆ ಹೋಗುವಂತಿರಲಿಲ್ಲ. ಮಗಳು ಮಯೂರಿಯನ್ನು ಅಕ್ಕೋಳದ ಭಾವುಸಾಹೇಬರ ಮಗ ಸುರಜನಿಗೆ ಕೊಡುವ ಮಾತಾಗಿತ್ತು. ಭಾವುಸಾಹೇಬರು ಕೊರಳಿನ ತುಳಸಿಮಾಲೆಯನ್ನು ಎಂದೂ ತೆಗೆಯದ ನಿಷ್ಠಾವಂತರು. ಬಂಗಾರ ಕೇಳಲಿಲ್ಲ, ಹೊಲ ಕೇಳಲಿಲ್ಲ. "ಮೂರ ತಲಿಮಾರಿನಿಂದ ವಾರಿ ತಪ್ಪದ ಮನಿತನ. ನನಗ ಅಷ್ಟ ಸಾಕು" ಎಂದಿದ್ದರು. ಮಯೂರಿಯ ಮದುವೆ ಆ ಒಂದೇ ಮಾತಿನ ಮೇಲೆ ನಿಂತಿತ್ತು.

ಆದ್ದರಿಂದ ರಾಜಾರಾಮ ನಾಲ್ಕು ದಿನಗಳಿಂದ ಕೃಷ್ಣೆಯ ದಂಡೆಯ ತನ್ನ ಕಬ್ಬಿನ ಹೊಲದ ಪಂಪಿನ ಕೋಣೆಯಲ್ಲಿ, ಕಬ್ಬು ತಿನ್ನುತ್ತ, ಕಾಲು ನೆನೆಸುತ್ತ ಅಜ್ಞಾತವಾಸ ಮಾಡುತ್ತಿದ್ದ. ದ್ವಾದಶಿ ಮುಗಿಸಿ ದಿಂಡಿಯ ಲಾರಿ ಮರಳುವಾಗ ಮಿರಜದಲ್ಲಿ ಅದನ್ನೇರಿ ಊರು ಸೇರುವುದು, ಊರವರಿಂದ ಪಾದಕ್ಕೆ ನೀರು ಹಾಕಿಸಿಕೊಳ್ಳುವುದು: ಇದು ಅವನ ಯೋಜನೆ.

ದಶಮಿಯ ಬೆಳಗ್ಗೆ ಅವನು ಊರ ಮುದುಕಿ ಲಗಮವ್ವನ ಎಮ್ಮೆಗಳ ನಡುವೆ ಕೊರಳ ಮಟ ನೀರಿನಲ್ಲಿ ನಿಂತಿದ್ದಾಗ ಆಕಾಶದಲ್ಲಿ ಗುಂಯ್ ಎಂಬ ನಾದ ಕೇಳಿಸಿತು. ತಲೆಯೆತ್ತಿದ. ನಾಲ್ಕು ರೆಕ್ಕೆಗಳ, ಒಂಟಿ ಕಣ್ಣಿನ ಒಂದು ಜೀವಿ ನೇರ ಅವನ ನೆತ್ತಿಯ ಮೇಲೆ ನಿಂತು ಅವನನ್ನೇ ದಿಟ್ಟಿಸುತ್ತಿತ್ತು. ಆ ಸೀಮೆಯ ಮದುವೆಗಳಿಗೂ ಅಂಥದ್ದು ಇನ್ನೂ ಬಂದಿರದ ಕಾಲವದು. ಗರುಡನೇ ಬಂದನೆಂದು ರಾಜಾರಾಮನ ಜೀವ ಹಾರಿತು. ಮೊಸಳೆಯ ಬಾಯಿಗೆ ಸಿಕ್ಕ ಆನೆ ಮಡುವಿನಲ್ಲಿ ನಿಂತು ಹರಿಯನ್ನು ಬಾರೆಂದು ಕೂಗಿತಂತೆ. ಇವನು ಮಡುವಿನಲ್ಲಿ ನಿಂತು, "ವಿಠ್ಠಲಾ, ನೀ ಬರಬ್ಯಾಡೋ ಯಪ್ಪಾ, ನಾನ ಬರ್ತೀನಿ" ಎಂದು ಬೇಡಿಕೊಂಡು ಮುಳುಗಿದ. ಮುಖ ಮುಳುಗಿತು, ಆದರೆ ಹೋಳಿಗೆ ತುಪ್ಪಗಳಿಂದ ಪುಷ್ಟವಾದ ಬೆನ್ನು ಮುಳುಗಲೊಪ್ಪಲಿಲ್ಲ. ಉಸಿರಿಗೆಂದು ಮೇಲೆ ಬಂದಾಗಲೆಲ್ಲ ಆ ಕಣ್ಣು ಅಲ್ಲಿಯೇ ಇತ್ತು.

ದಂಡೆಯಲ್ಲಿ ಹುಡುಗಿಯೊಬ್ಬಳ ಮಾತು ಕೇಳಿಸಿದಾಗ ಅವನು ದೊಡ್ಡ ಎಮ್ಮೆಯೊಂದರ ಮರೆಗೆ ಸರಿದ.

"ಅಂಜಬ್ಯಾಡ್ರಿ ಆಯಿ. ಇದು ಡ್ರೋನ್. ಇದರಾಗ ಕ್ಯಾಮೆರಾ ಐತಿ."

"ನಾ ಯಾಕ ಅಂಜಲಿ? ನನ್ನ ಎಮ್ಮಿ ಅಂಜಿ ಸಂಜೀಕ ಹಾಲ ಬಿಡಲಿಲ್ಲಂದ್ರ ನೀ ಅಂಜಬೇಕ," ಎಂದಳು ಲಗಮವ್ವ. "ನಮ್ಮ ದನದ ಫೋಟೊ ನಿನಗ್ಯಾಕವಾ?"

"ನಾ ಕಾರವಾರದಾಗ ಡಾಲ್ಫಿನ್ ಮ್ಯಾಲ ಅಭ್ಯಾಸ ಮಾಡಾಕತ್ತೇನ್ರಿ. ಅವು ಬೆನ್ನಷ್ಟ ತೋರಿಸಿ ಮುಳಗಿಬಿಡ್ತಾವ. ಮ್ಯಾಲಿಂದ ಫೋಟೊ ಹೊಡದು, ಬೆನ್ನಿನ ಉದ್ದ ಅಗಲ ಅಳದು, ಬಡಕಲ ಅದಾವೋ ಗಬ್ಬ ಅದಾವೋ ಹೇಳಬೇಕು. ಈ ಯಂತ್ರ ಸಮುದ್ರಕ್ಕ ಬಿದ್ರ ತಿರಗಿ ಸಿಗೂದಿಲ್ಲ. ಅದಕ್ಕ ಮೊದಲ ಎಮ್ಮಿ ಮ್ಯಾಲ ಕೈ ಕೂಡಿಸ್ಕೋತೀನಿ."

"ಆ ಮೀನ ಹಾಲ ಕೊಡ್ತಾವೇನ?"

"ಮೀನಲ್ಲ ಆಯಿ. ಹಾಲ ಕೊಡ್ತಾವ, ತಮ್ಮ ಮರಿಗೆ."

"ಮರಿಗೆ ಅಷ್ಟನ? ಹಂಗಾರ ಎಮ್ಮೀನ ಛಲೋ ಬಿಡು."

ಹುಡುಗಿ ನಕ್ಕಳು. "ಎಷ್ಟ ಅದಾವ್ರಿ ನಿಮ್ಮುವು?"

"ಹನ್ನೊಂದ."

"ಇದರಾಗ ಹನ್ನೆರಡ ಬೆನ್ನ ಬಂದಾವಲ್ಲ. ಇರಲಿ, ದೊಡ್ಡದ ಮಾಡಿ ನೋಡೋಣು. ನಮ್ಮಪ್ಪ ರಾಜಾರಾಮ ಮಾಮಾರ ಮನ್ಯಾಗ ಕುಂತಾರ. ಮಧ್ಯಾಹ್ನ ಅಲ್ಲೇ ಎಲ್ಲಾರಿಗೂ ತೋರಿಸ್ತೀನಿ, ನೀವೂ ಬರ್ರಿ."

ಇವಳು ಭಾವುಸಾಹೇಬರ ಮಗಳು ನೀಲಮ. ನೀರಿನೊಳಗಿದ್ದೂ ರಾಜಾರಾಮನ ನಾಲಿಗೆ ಒಣಗಿತು. ತನ್ನ ಮುಖ, ತನ್ನ ಮನೆಯಲ್ಲೇ, ತನ್ನ ಬೀಗರೆದುರಿಗೆ.

ಮಧ್ಯಾಹ್ನ ಅವನು ಕುಂಟುತ್ತ ಕಬ್ಬಿನ ಮರೆಯಲ್ಲೇ ಹಿತ್ತಲು ತಲುಪಿದ. ಆ ಫೋಟೊ ಇರುವ ಯಂತ್ರವನ್ನು ಹೇಗಾದರೂ ಮಾಡಿ ಬಾವಿಗೆ ಎಸೆಯುವುದೆಂದು ನಿಶ್ಚಯಿಸಿದ್ದ. ಸಾಕಿದ ನಾಯಿ ಓಡಿ ಬಂದಿತು. ಅದಕ್ಕೂ ಕೈಮುಗಿದು, ಸ್ವಂತ ಮನೆಗೆ ಕಳ್ಳನಂತೆ ನುಗ್ಗಿ ಜೋಳದ ಚೀಲಗಳ ಹಿಂದೆ ಅಡಗಿದ. ತಡವಾಗಿತ್ತು. ಪಡಸಾಲೆಯ ಸ್ಟೂಲಿನ ಮೇಲೆ ಲ್ಯಾಪ್‌ಟಾಪು ತೆರೆದು ಕುಳಿತಿತ್ತು. ಅದರೆದುರು ಭಾವುಸಾಹೇಬರು, ಲಗಮವ್ವ, ಮಯೂರಿ, ಚಹದ ತಾಟು ಹಿಡಿದ ಹೆಂಡತಿ ಶೇವಂತಾ.

"ನಿಮ್ಮ ಯಜಮಾನರು ಇಷ್ಟೊತ್ತಿಗೆ ಪಂಢರಪುರದ ಚಂದ್ರಭಾಗಾ ಹೊಳಿ ಮುಟ್ಟಿರಬೇಕಲ್ಲ?" ಎಂದರು ಭಾವುಸಾಹೇಬರು.

"ಮುಟ್ಟಿರ್ತಾರ್ರಿ. ಮನ್ಯಾಗ ನಾಕ ಹೆಜ್ಜಿ ನಡ್ಯಾಕ ಅಳ್ತಿದ್ರು. ದೇವರ ಹೆಂಗ ನಡಿಸ್ಯಾನೋ," ಎಂದು ಶೇವಂತಾ ಕಣ್ಣೊರೆಸಿಕೊಂಡಳು.

ರಾಜಾರಾಮ ಚೀಲಗಳ ಸಂದಿಯಿಂದ ಇಣುಕಿದ. ನೀಲಮ ಒಂದೊಂದೇ ಬೆನ್ನು ತೋರಿಸುತ್ತ ಬಂದಳು. ಒಂಬತ್ತು. ಹತ್ತು. ಹನ್ನೊಂದು.

"ಇದು ನೋಡ್ರಿ, ಆ ಹನ್ನೆರಡನೇದು. ಇದನ್ನ ಎಲ್ಲಾರೂ ಛಲೋತ್ನಂಗ ನೋಡಬೇಕು."

ಎಲ್ಲರೂ ಮುಂದಕ್ಕೆ ಬಾಗಿದರು. ಭಾವುಸಾಹೇಬರು ಕನ್ನಡಕ ಏರಿಸಿ, "ಅರೇ," ಎಂದರು.

ಅಷ್ಟೇ ಸಾಕಾಯಿತು. ಚೀಲಗಳೆರಡು ಉರುಳಿದವು, ಮೈತುಂಬ ಜೋಳದ ಹೊಟ್ಟು ಮೆತ್ತಿಕೊಂಡ ರಾಜಾರಾಮ ಬೀಗರ ಪಾದದ ಮೇಲೆ ಬಿದ್ದ.

"ತಪ್ಪಾತ್ರಿ. ಅದು ನಾನರಿ. ಮಿರಜದಾಗ ಬಸ್ ಹತ್ತಿದ್ನಿ. ನಾಕ ದಿನ ಹೊಳ್ಯಾಗ ಕುಂತೇನಿ. ಮಗಳದೇನೂ ತಪ್ಪಿಲ್ಲ, ಆಕೀನ ಬಿಡಬ್ಯಾಡ್ರಿ."

ಶೇವಂತಾಳ ಕೈಯ ತಾಟು ಕೆಳಗಿಳಿಯಿತು.

ನೀಲಮ ಮೆಲ್ಲಗೆ ಲ್ಯಾಪ್‌ಟಾಪನ್ನು ಅವನ ಕಡೆ ತಿರುಗಿಸಿದಳು. ಅಲ್ಲಿ ಮುಖವಿರಲಿಲ್ಲ, ತಲೆಯೂ ಇರಲಿಲ್ಲ. ಕಂದು ನೀರಿನಲ್ಲಿ ತೇಲುವ, ದುಂಡನೆಯ ಕರಿಯ ಬೆನ್ನೊಂದು ಮಾತ್ರ. ಅದರ ಕೆಳಗೆ ಅವಳೇ ಅಳೆದು ಬರೆದಿದ್ದಳು: ಗಿಡ್ಡ ತಳಿ. ಎಂಟು ತಿಂಗಳ ಗಬ್ಬ.

"ಮಾಮಾ, ಮುಖಾ ಬಂದದ್ದು ಒಂದೂ ಇರಲಿಲ್ರಿ," ಎಂದಳು ಸಂಕೋಚದಿಂದ. "ಈ ಎಮ್ಮಿ ಎಲ್ಲೀದು ಅಂತ ಕೇಳಾಕತ್ತಿದ್ನಿ, ಅಷ್ಟ."

"ಅಯ್ಯ," ಎಂದು ಲಗಮವ್ವ ನಿಟ್ಟುಸಿರಿಟ್ಟಳು. "ದಿಕ್ಕಿಲ್ಲದ ಎಮ್ಮಿ ಇದ್ರ ನಾನ ಕಟ್ಟಿಕೊಂಡೇನಂದಿದ್ನಿ."

ಭಾವುಸಾಹೇಬರು ನಗಲಿಲ್ಲ. ಬೀಗನ ಹಿಮ್ಮಡಿಗಳನ್ನು ಎತ್ತಿ ನೋಡಿ, ಅರಿಶಿನ ತರಿಸಿ, ತಾವೇ ಬಟ್ಟೆ ಕಟ್ಟಿದರು. ರಾಜಾರಾಮನಿಗೆ ಹೋದ ಜೀವ ಅರ್ಧ ಬಂದಿತು.

"ವಾರಿ ತಪ್ಪಿಸಿದ ಮನಿತನ ಅಂತ ನಾ ಅನ್ನೂದಿಲ್ಲ," ಎಂದರು ಅವರು. "ಮುಗದಿಲ್ಲ, ಅಷ್ಟ. ಇಲ್ಲಿಂದನ ಹೊಸದಾಗಿ ಹೊಂಡ್ರಿ. ಮುಟ್ಟಿ ಬಂದ ದಿನಾನ ಮದಿವಿ."

"ನಾಳೀನ ಏಕಾದಶಿ ಅಲ್ರೀ. ಎಂಟ ದಿನದ ಹಾದಿ."

"ವಿಠ್ಠಲ ಇಟ್ಟಂಗಿ ಮ್ಯಾಲ ಎಷ್ಟೋ ಯುಗದಿಂದ ನಿಂತಾನ. ಇನ್ನೆಂಟ ದಿನ ನಿಲ್ಲಾಕ ಅವಂಗೇನ ಕಾಲ ನೋಯ್ತಾವೇನ?"

ಶೇವಂತಾ ಹಿತ್ತಲಲ್ಲಿ ಅವನು ಬಿಟ್ಟಿದ್ದ ಆ ಕೊಲ್ಹಾಪುರಿ ಚಪ್ಪಲಿಯನ್ನು ತಂದು ಗಂಡನ ಮುಂದಿಟ್ಟಳು.

ಇಳಿಹೊತ್ತಿನಲ್ಲಿ ರಾಜಾರಾಮ ಒಬ್ಬನೇ ಊರು ದಾಟಿದ. ಬಸ್ ನಿಲ್ದಾಣದ ಬೇವಿನ ಮರದಡಿ ಮಿರಜದ ಬಸ್ಸು ನಿಂತಿತ್ತು. ಕಿಟಕಿಯ ಪಕ್ಕದ ಸೀಟು ಬರಿದಾಗಿತ್ತು.

"ಬರ್ರಿ ಅಣ್ಣಾರ, ಜಾಗಾ ಐತಿ," ಎಂದ ಕಂಡಕ್ಟರ್.

ರಾಜಾರಾಮ ಹಿಂದೆ ನೋಡಿದ, ಯಾರೂ ಇರಲಿಲ್ಲ. ಮುಂದೆ ನೋಡಿದ, ಯಾರೂ ಇರಲಿಲ್ಲ. ಒಂದು ಕಾಲನ್ನು ಮೆಟ್ಟಿಲ ಮೇಲಿಟ್ಟ.

ನೆತ್ತಿಯ ಮೇಲೆ ಗುಂಯ್ ಎಂದಿತು. ತಲೆಯೆತ್ತಿದ. ಒಂಟಿ ಕಣ್ಣು ಒಂದು ಮಾರು ಕೆಳಗಿಳಿದು, ಅವನನ್ನೇ ದಿಟ್ಟಿಸುತ್ತ ನಿಂತಿತು.

ಅವನು ಮೆಟ್ಟಿಲ ಮೇಲಿನ ಕಾಲನ್ನು ತೆಗೆದು, ಅದಕ್ಕೊಂದು ಕೈಮುಗಿದು, ಕುಂಟುತ್ತ ನಡೆದ.